ಕಂಪಿಲಿಯ ಹಾಡುಗಬ್ಬಗಳ ತರತಮ

ಒಂದೇ ಕಥೆಯನ್ನು ಹಲವರು ಹಾಡಿದಾಗ ಯಾವುದು ಮೇಲು, ಯಾವುದು ಕೀಳು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ಸಂಗೀತ ತಂಡವು 1967ರಿಂದ 2014ರವರೆಗೆ ಹೊರತಂದ 15 ಸ್ಟುಡಿಯೋ ಆಲ್ಬಮ್‌ಗಳನ್ನು ಅದರ ಅಭಿಮಾನಿಗಳು ಮೊದಲನೆಯದು, ಎರಡನೆಯದು, ಕೊನೆಯದು ಎಂದು ಸಾಲಾಗಿ ನಿಲ್ಲಿಸಿ ವಾದ ಮಾಡುತ್ತಾರೆ. ಅಂಥ ವಾದಕ್ಕೆ ತುಂಗಭದ್ರೆಯ ದಂಡೆಯಲ್ಲಿಯೂ ಸಾಮಗ್ರಿಯ ಕೊರತೆಯಿಲ್ಲ. ಕಂಪ್ಲಿ, ಹಂಪೆ, ಹೊಸಪೇಟೆಗಳ ಸೀಮೆಯಲ್ಲಿ ಬಾಳಿ ಅಳಿದ ಕುಮಾರರಾಮನನ್ನು ಕುರಿತು ನಂಜುಂಡ, ಪಾಂಚಾಳ ಗಂಗ, ಮಹಾಲಿಂಗಸ್ವಾಮಿ ಮೊದಲಾದವರು ಸಾಂಗತ್ಯಗಳನ್ನು ರಚಿಸಿದ್ದಾರೆ; ಬಳ್ಳಾರಿ ಸೀಮೆಯ ಬಯಲಾಟದವರು ಅದೇ ಕಥೆಯನ್ನು ರಾತ್ರಿಯಿಡೀ ಕುಣಿದಿದ್ದಾರೆ. ಇವುಗಳಿಗೆ ಸ್ಥಾನ ನಿರ್ಣಯಿಸುವುದು ಕೇವಲ ರುಚಿಯ ವಿಷಯವಲ್ಲ. ಅದರಲ್ಲಿ ಒಬ್ಬ ಮನುಷ್ಯನ ಮಾನದ ಪ್ರಶ್ನೆಯಿದೆ. ಆ ಮನುಷ್ಯ ಕುಮಾರರಾಮನಲ್ಲ, ಅವನ ತಂದೆ ಕಂಪಿಲರಾಯ.

ಮೊದಲು ಛಂದಸ್ಸಿನ ಮಾತು. ಸಾಂಗತ್ಯವೆಂಬುದು ಕಣ್ಣಿನಿಂದ ಓದುವ ಬಂಧವಲ್ಲ, ವಾದ್ಯದ ಜೊತೆಗೂಡಿ ಹಾಡುವ ಬಂಧ. ಅದನ್ನು ಕಾವ್ಯಕ್ಕೆ ತಂದವರಲ್ಲಿ ಮೊದಲಿಗನೆಂದು ಗಣಿತನಾದವನು ಜೈನಕವಿ ಶಿಶುಮಾಯಣ; ಅದರ ಶಿಖರವನ್ನು ಏರಿದವನೂ ಜೈನನೇ, ‘ಭರತೇಶವೈಭವ’ದ ರತ್ನಾಕರವರ್ಣಿ. ಇವರಿಬ್ಬರ ನಡುವೆ, ರತ್ನಾಕರನಿಗಿಂತ ಒಂದು ತಲೆಮಾರು ಮುಂಚೆ, ಸುಮಾರು 1525ರಲ್ಲಿ ನಂಜುಂಡಕವಿ ‘ರಾಮನಾಥ ಚರಿತೆ’ಯನ್ನು ಹಾಡಿದನು. ತ್ಯಾಗಿಯಾದ ಚಕ್ರವರ್ತಿಗಳಿಗೂ ಪುರಾಣಪುರುಷರಿಗೂ ಒಗ್ಗಿದ್ದ ಮಟ್ಟಿಗೆ ಒಬ್ಬ ಗಡಿನಾಡಿನ ಪಾಳೆಯಗಾರನ ಮಗನನ್ನು ತಂದು ಕೂರಿಸಿದ್ದು ಸಣ್ಣ ಸಾಹಸವಲ್ಲ.

ಕಥೆ ಎಲ್ಲರೂ ಬಲ್ಲದ್ದೇ. ರಾಮನ ಚೆಂಡು ಕಂಪಿಲರಾಯನ ಎಳೆಯ ಹೆಂಡತಿ ರತ್ನಾಜಿಯ ಮನೆಯೊಳಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಬಯಸುತ್ತಾಳೆ. ಅವನು ತಾಯಿಯೆಂದು ಕೈಮುಗಿದು ಹಿಂದೆ ಸರಿಯುತ್ತಾನೆ. ಅವಳು ಗಂಡನ ಮುಂದೆ ತಿರುಗಾಮುರುಗಾ ದೂರುತ್ತಾಳೆ; ರಾಯನು ವಿಚಾರಿಸದೆಯೇ ಮಗನ ತಲೆ ಕಡಿಸಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ನೆಲಮನೆಯಲ್ಲಿ ಅಡಗಿಸಿ ಬೇರೊಂದು ತಲೆಯನ್ನು ತೋರಿಸುತ್ತಾನೆ. ಮುಂದೆ ದಿಲ್ಲಿಯ ದಂಡು ಮುತ್ತಿದಾಗ ಸತ್ತನೆಂದು ತಿಳಿದಿದ್ದ ಮಗನು ಎದ್ದುಬಂದು ಕಾದುತ್ತಾನೆ, ಕೊನೆಗೆ ಮಾತಂಗಿಯೆಂಬ ಹೆಣ್ಣು ದಳಪತಿಯೊಡನೆ ನಡೆದ ಕಾಳಗದಲ್ಲಿ ಮಡಿಯುತ್ತಾನೆ.

ಈ ಕಥೆಯ ಬೇರು ಕಂಪ್ಲಿಯದೇ ಎಂದು ಹೇಳಲಾಗದು. ಅಶೋಕನ ಮಗ ಕುಣಾಲನಿಗೂ ಮಲತಾಯಿಯಿಂದ ಇದೇ ಗತಿ ಬಂತು, ಸಾರಂಗಧರನಿಗೂ ಬಂತು. ಜೈನರಿಗೆ ಇದನ್ನು ಕೇಳಿದೊಡನೆ ನೆನಪಾಗುವವನು ಚಂಪಾನಗರದ ಸುದರ್ಶನ ಶ್ರೇಷ್ಠಿ. ರಾಣಿ ಅಭಯಮತಿಯ ಬಯಕೆಗೆ ಒಪ್ಪದ ಸುದರ್ಶನನ ಮೇಲೂ ಅದೇ ಆರೋಪ, ಅರಸನದೂ ಅದೇ ಆಜ್ಞೆ. ಆದರೆ ಅಲ್ಲಿ ಕೊರಳಿಗೆ ಬೀಸಿದ ಕತ್ತಿ ಹೂಮಾಲೆಯಾಗುತ್ತದೆ. ಸುದರ್ಶನನು ಸಂಸಾರವನ್ನೇ ತೊರೆದು ಮುಕ್ತನಾಗುತ್ತಾನೆ. ಕಂಪಿಲಿಯಲ್ಲಿ ಕತ್ತಿಯನ್ನು ತಡೆದದ್ದು ಯಕ್ಷನಲ್ಲ, ಮುದಿ ಮಂತ್ರಿಯ ಒಂದು ಸುಳ್ಳು. ಪವಾಡವನ್ನು ಬಿಟ್ಟು ಈ ಸುಳ್ಳನ್ನು ಆರಿಸಿಕೊಂಡದ್ದರಲ್ಲಿ ಕುಮಾರರಾಮನ ಕಥೆ ಸುದರ್ಶನನ ಕಥೆಗಿಂತ ಹೆಚ್ಚು ಮಾನುಷವಾಗಿದೆ. ಸ್ವಮತದ ಅಭಿಮಾನ ಈ ಮಾತಿಗೆ ಅಡ್ಡಬರಬೇಕಿಲ್ಲ.

ಜನ ಅವನನ್ನು ಪರನಾರೀ ಸಹೋದರನೆಂದು ಕೊಂಡಾಡಿದರು. ಇದು ಬ್ರಹ್ಮಚರ್ಯವಲ್ಲ. ಸಂಡೂರಿನ ಬೆಟ್ಟದ ಮೇಲೆ ಕುಮಾರಸ್ವಾಮಿಯ ಪ್ರಾಚೀನ ದೇಗುಲವಿದೆ. ಅಲ್ಲಿಯ ಕುಮಾರನು ಬ್ರಹ್ಮಚಾರಿ, ಹೆಂಗಸರು ಅವನ ದರ್ಶನ ಪಡೆಯುವ ವಾಡಿಕೆ ಹಿಂದೆ ಇರಲಿಲ್ಲ. ಹೆಸರು ಒಂದೇ ಎಂದು ಆ ಕುಮಾರನಿಗೂ ಕಂಪಿಲಿಯ ಕುಮಾರನಿಗೂ ನಂಟು ಕಟ್ಟುವುದು ಸಲ್ಲದು. ರಾಮನು ಹೆಂಡಿರನ್ನುಳ್ಳ ಗೃಹಸ್ಥ. ಅವನದು ಶ್ರಾವಕಾಚಾರಗಳು ಸ್ವದಾರಸಂತೋಷವೆಂದು ಕರೆಯುವ ಅಣುವ್ರತಕ್ಕೆ ಹತ್ತಿರವಾದ ಶೀಲ. ಹೆಣ್ಣನ್ನು ದೂರವಿಡುವುದಲ್ಲ, ಎದುರಿಗೇ ಇರುವ ಹೆಣ್ಣನ್ನು ತಾಯಿಯೆಂದು ಕಾಣುವುದು.

ಇನ್ನು ತರತಮ. ಕಾವ್ಯಗುಣವೊಂದನ್ನೇ ಅಳತೆಗೋಲಾಗಿಟ್ಟರೆ ನಂಜುಂಡನು ಮೊದಲನೆಯವನು; ಈ ಬಗ್ಗೆ ಹೆಚ್ಚು ವಾದಕ್ಕೆ ಎಡೆಯಿಲ್ಲ. ಅವನು ಚೆಂಗಾಳ್ವರ ನಾಡಿನವನು, ಆಸ್ಥಾನದ ಬದುಕನ್ನು ಒಳಗಿನಿಂದ ಬಲ್ಲವನು. ಕಂಪಿಲಿ ಬಿದ್ದು ಇನ್ನೂರು ವರ್ಷಗಳಾದ ಮೇಲೆ, ದೂರದ ಕಾವೇರಿಯ ಸೀಮೆಯಲ್ಲಿ ಕುಳಿತು ಬರೆದನೆಂಬುದು ಅವನ ಬಲವೂ ಹೌದು, ಕೊರತೆಯೂ ಹೌದು. ಅರಮನೆಯ ಒಳಜಗಳವನ್ನು ಅವನಷ್ಟು ನುರಿತು ಹೇಳಿದವರಿಲ್ಲ. ಆದರೆ ಕುಮ್ಮಟದ ಬಂಡೆಗಳ ಬಿಸಿ ಅವನ ಕಾಲಿಗೆ ತಾಗಿದಂತೆ ತೋರುವುದಿಲ್ಲ. ಆ ಬಿಸಿ ಪಾಂಚಾಳ ಗಂಗನಲ್ಲಿದೆ. ಗಂಗನ ಮಾತು ಹಳ್ಳಿಯ ಕಟ್ಟೆಗೆ ಹತ್ತಿರ. ಅಲಂಕಾರ ಕಡಿಮೆ, ಓಟ ಹೆಚ್ಚು. ಪಂಡಿತರು ಅವನನ್ನು ಎರಡನೆಯ ಸಾಲಿಗೆ ಸರಿಸುವುದು ಭಾಷೆಯ ಕಾರಣಕ್ಕೆ. ಹಾಡುವವರಿಗೆ ಅದೇ ಭಾಷೆ ಹೆಚ್ಚು ಒದಗುತ್ತದೆ. ಹಾಡುಗಬ್ಬವನ್ನು ಹಾಡಿಯೇ ಅಳೆಯಬೇಕೆಂಬ ನಿಯಮವನ್ನು ಒಪ್ಪುವುದಾದರೆ ಗಂಗನನ್ನು ನಂಜುಂಡನ ಪಕ್ಕಕ್ಕೇ ಕೂರಿಸಬೇಕಾಗುತ್ತದೆ. ಮಹಾಲಿಂಗಸ್ವಾಮಿಯ ‘ಬಾಲರಾಮನ ಸಾಂಗತ್ಯ’ ಇವೆರಡರ ಅನಂತರ ನಿಲ್ಲುವಂಥದು.

ಆದರೆ ಈ ಎಲ್ಲ ಹಾಡುಗಳಿಗೂ ಒಂದು ಸಮಾನ ದೋಷವಿದೆ. ಮಗನನ್ನು ಎತ್ತರಿಸಲು ತಂದೆಯನ್ನು ತಗ್ಗಿಸುವುದು. ಕಂಪಿಲರಾಯನು ಇವುಗಳಲ್ಲಿ ಎಳೆಯ ಹೆಂಡತಿಯ ಕಣ್ಣೀರಿಗೆ ಕರಗಿ ನ್ಯಾಯ ಮರೆತ ಮುದುಕ. ಹಾಡಿನ ಹೊರಗಿನ ಸಾಕ್ಷ್ಯ ಬೇರೆಯೇ ಮನುಷ್ಯನನ್ನು ಕಾಣಿಸುತ್ತದೆ.

ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಸೋದರಸಂಬಂಧಿ ಬಹಾಉದ್ದೀನ್ ಗುರ್ಶಾಸ್ಪ್ ದಂಗೆಯೆದ್ದು, ಸೋತು, ಕಂಪಿಲನ ಮರೆಹೊಕ್ಕನು. ಒಪ್ಪಿಸಿಬಿಟ್ಟರೆ ರಾಜ್ಯ ಉಳಿಯುತ್ತಿತ್ತು. ಕಂಪಿಲನು ಒಪ್ಪಿಸಲಿಲ್ಲ. ಕೋಟೆ ಉಳಿಯದೆಂದು ಖಚಿತವಾದಾಗ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಕಡೆಗೆ ಕಳುಹಿಸಿ, ಅಂತಃಪುರವನ್ನು ಬೆಂಕಿಗೆ ಒಪ್ಪಿಸಿ, ತಾನು ಹೊರಬಂದು ಹೋರಾಡಿ ಸತ್ತನು. ಅದು 1327ರ ಸುಮಾರು. ಬಲ್ಲಾಳನು ಅದೇ ಅತಿಥಿಯನ್ನು ದಿಲ್ಲಿಯವರ ಕೈಗೆ ಕೊಟ್ಟನು. ಈ ವಿವರಗಳನ್ನು ಹೇಳಿದವನು ಕಂಪಿಲಿಯ ಭಟ್ಟನಲ್ಲ, ಪರದೇಶದ ಪ್ರವಾಸಿ ಇಬ್ನ್ ಬತೂತ. ಸೆರೆಹೋದ ಕಂಪಿಲನ ಮಕ್ಕಳಲ್ಲಿ ಮೂವರನ್ನು ದಿಲ್ಲಿಯಲ್ಲಿ ಕಣ್ಣಾರೆ ಕಂಡವನು. ಬಹಾಉದ್ದೀನನು ಸಾಂಗತ್ಯಗಳಲ್ಲಿ ಬಾದೂರನೆಂಬ ಹೆಸರಿನಲ್ಲಿ ಬರುತ್ತಾನೆ, ಆದರೆ ಅವನಿಗೆ ಆಶ್ರಯವಿತ್ತ ಹಿರಿಮೆಯೂ ಮಗನ ಪಾಲಿಗೇ ಸೇರುತ್ತದೆ.

ಎರಡನೆಯ ಸಾಕ್ಷ್ಯ ಹಂಪೆಯಲ್ಲೇ ಇದೆ. ಹೇಮಕೂಟದ ತಪ್ಪಲಿನ ತ್ರಿಕೂಟ ದೇಗುಲದ ಶಾಸನವು, ಮುಮ್ಮಡಿ ಸಿಂಗೆಯನಾಯಕನ ಮಗ ವೀರಕಂಪಿಲದೇವನು ಈ ಶಿವಾಲಯವನ್ನು ಕಟ್ಟಿಸಿ, ತನ್ನ ತಂದೆಯ, ತಾಯಿ ಮಾದನಾಯಕಿತಿಯ ಮತ್ತು ಪೆರುಮೆಯನಾಯಕನ ಹೆಸರಿನಲ್ಲಿ ಮೂರು ಲಿಂಗಗಳನ್ನು ನಿಲ್ಲಿಸಿದನೆಂದು ತಿಳಿಸುತ್ತದೆ. ಹಾಡುಗಳಲ್ಲಿ ಮಗನ ತಲೆ ಕೇಳಿದ ತಂದೆಯು ಕಲ್ಲಿನಲ್ಲಿ ತಂದೆತಾಯಿಗಳನ್ನು ನೆನೆದ ಮಗ.

ಇಲ್ಲೊಂದು ಮಾತನ್ನು ಜೈನ ಓದುಗರಿಗೆ ಹೇಳಲೇಬೇಕು. ಹೇಮಕೂಟದ ಈ ಗುಡಿಗಳ ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಶಿಖರಗಳನ್ನು ನೋಡಿ ಇವು ಬಸದಿಗಳೆಂದು ಹಿಂದಿನವರು ಬರೆದರು. 1917ರಲ್ಲಿ ಹಂಪೆಯ ಅವಶೇಷಗಳ ಬಗ್ಗೆ ಪುಸ್ತಕ ಪ್ರಕಟಿಸಿದ ಲಾಂಗ್‌ಹರ್ಸ್ಟ್ ಕೂಡ ಹಾಗೆಯೇ ಭಾವಿಸಿದರು. ಕೇಳಲು ಹಿತವಾದ ಮಾತು, ಆದರೆ ನಿಜವಲ್ಲ. ಹಂಪೆಯಲ್ಲಿ ಜೈನರದೆಂದು ನಿಸ್ಸಂದೇಹವಾಗಿ ಹೇಳಬಹುದಾದವು ಬೇರೆ ಇವೆ: ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ಕುಂಥುಜಿನನಾಥನಿಗೆ ಕಟ್ಟಿಸಿದ, ಇಂದು ಗಾಣಗಿತ್ತಿ ಬಸದಿಯೆಂದು ಕರೆಯಲಾಗುವ ಚೈತ್ಯಾಲಯ, ಇಮ್ಮಡಿ ದೇವರಾಯನು 1426ರಲ್ಲಿ ಪಾನಸುಪಾರಿ ಬಜಾರಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ. ಅಷ್ಟಿರುವಾಗ, ಹಾಡುಗಳು ಮಾನ ಕಳೆದ ಅರಸನೊಬ್ಬನ ಮಾತೃಪಿತೃಭಕ್ತಿಯ ಏಕೈಕ ಗುರುತನ್ನೂ ಬಸದಿಯೆಂಬ ಹೆಸರಿನಲ್ಲಿ ಕಿತ್ತುಕೊಳ್ಳುವುದು ನ್ಯಾಯವಲ್ಲ.

ಬಯಲಾಟವನ್ನು ಈ ಸಾಲಿನಲ್ಲಿ ಎಲ್ಲಿ ಇಡಬೇಕು? ಸಾಹಿತ್ಯ ಚರಿತ್ರೆಕಾರರು ಅದನ್ನು ಕೊನೆಗಿಡುತ್ತಾರೆ, ಹಲವರು ಇಡುವುದೇ ಇಲ್ಲ. ಆದರೆ ಕಂಪಿಲರಾಯನ ಪಾತ್ರಕ್ಕೆ ಉಳಿದಿರುವ ಒಂದು ಅವಕಾಶ ಅಲ್ಲಿದೆ. ಬರೆದ ಕಾವ್ಯದಲ್ಲಿ ಅರಸನು ಆಜ್ಞೆ ಕೊಟ್ಟು ಮುಂದಿನ ಪದ್ಯಕ್ಕೆ ಸರಿದುಹೋಗುತ್ತಾನೆ. ರಂಗದ ಮೇಲೆ ಅವನು ಕಿರೀಟ, ಭುಜಕೀರ್ತಿಗಳ ಸಮೇತ ಎಲ್ಲರ ಕಣ್ಣ ಮುಂದೆ ನಿಂತೇ ಇರಬೇಕು. ಸತ್ತನೆಂದುಕೊಂಡಿದ್ದ ಮಗ ನೆಲಮನೆಯಿಂದ ಮೇಲೆ ಬಂದಾಗ ಆ ಪಾತ್ರಧಾರಿ ಏನಾದರೂ ಮಾಡಲೇಬೇಕು. ಒಳ್ಳೆಯ ವೇಷಧಾರಿಯ ಕೈಯಲ್ಲಿ ಆ ಒಂದು ಗಳಿಗೆ ನಂಜುಂಡನಿಗೂ ದಕ್ಕದೆ ಉಳಿದದ್ದನ್ನು ಕೊಡಬಲ್ಲದು. ಹಾಗೆ ಕೊಡುವ ರಾತ್ರಿಗಳ ಬಯಲಾಟಕ್ಕೆ ಮೊದಲ ಸ್ಥಾನ. ಕೊಡದ ರಾತ್ರಿಗಳಲ್ಲಿ ಮತ್ತೆ ನಂಜುಂಡನಿಗೆ.