ಏನೂ ಆಗದಿರಲೆಂದು ನುಂಗುವ ಮಾತ್ರೆ



ಕಳೆದ ವರ್ಷ ನಾನೊಂದು ತಪ್ಪು ಮಾಡಿದೆ. ತರಗತಿಯಲ್ಲಿ ನಿಮ್ಮಲ್ಲಿ ಯಾರಾದರೂ ಅಂಥದನ್ನು ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆದವನ ತಪ್ಪು ಅದು.

ಸಕ್ಕರೆ ಕಾಯಿಲೆ ನಮ್ಮ ಮನೆತನಕ್ಕೆ ಹೊಸದಲ್ಲ. ಮಲ್ಲೇಶ್ವರದಲ್ಲಿದ್ದ ನನ್ನ ಅಕ್ಕನಿಗೂ ಅದಿತ್ತು. ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಆಕೆಗೆ ಪಂಚಾಂಗದ ಸಣ್ಣ ಅಕ್ಷರಗಳೂ ಸ್ಪಷ್ಟವಾಗಿ ಕಾಣತೊಡಗಿದುವು. ಇನ್ನು ಕಣ್ಣಿನ ಚಿಂತೆಯಿಲ್ಲವೆಂದು ನಾವೆಲ್ಲರೂ ನಂಬಿದೆವು. ನಮ್ಮ ಪೀಳಿಗೆಯವರಿಗೆ ಕಣ್ಣಿನ ಕಾಯಿಲೆಯೆಂದರೆ ಪೊರೆ, ಚಿಕಿತ್ಸೆಯೆಂದರೆ ಡಾ. ಎಂ. ಸಿ. ಮೋದಿಯವರ ಶಿಬಿರ. ಹೋದ ದೃಷ್ಟಿ ಮರಳಿ ಬರುತ್ತದೆ ಎಂಬುದೇ ಆ ಶಿಬಿರಗಳು ನಮಗೆ ಕಲಿಸಿದ ಪಾಠ.

ಸಕ್ಕರೆ ಕಾಯಿಲೆಯು ಅಕ್ಷಿಪಟಕ್ಕೆ ಮಾಡುವ ಹಾನಿಯಲ್ಲಿ ಆ ಪಾಠವನ್ನು ನೆಚ್ಚುವಂತಿಲ್ಲ. ಕಣ್ಣಿನ ಹಿಂಭಾಗದ ಆ ತೆಳುಪರದೆಯ ನವಿರಾದ ರಕ್ತನಾಳಗಳು ವರ್ಷಗಟ್ಟಲೆ ಸದ್ದಿಲ್ಲದೆ ಶಿಥಿಲವಾಗುತ್ತವೆ, ಜಿನುಗುತ್ತವೆ. ಮೊದಮೊದಲು ನೋವೂ ಇಲ್ಲ, ಮಂಜೂ ಇಲ್ಲ. ಒಂದು ಬೆಳಗ್ಗೆ ಅಕ್ಕ ಎಡಗಣ್ಣಿನ ಮುಂದೆ ಜೇಡರ ಬಲೆ ಕಟ್ಟಿದಂತಿದೆ ಎಂದಳು. ಒಳಗೆ ರಕ್ತಸ್ರಾವವಾಗಿತ್ತು. ಲೇಸರ್ ಚಿಕಿತ್ಸೆಯಿಂದ ಬಲಗಣ್ಣು ಉಳಿಯಿತು. ಎಡಗಣ್ಣಿನ ದೃಷ್ಟಿ ಮರಳಲಿಲ್ಲ. ಆಮೇಲೆ ಹೂ ಕಟ್ಟುವಾಗ ಆಕೆ ಪ್ರತಿಯೊಂದು ಮೊಗ್ಗಿನ ತೊಟ್ಟನ್ನೂ ಬೆರಳಿನಿಂದ ತಡವಿ ಹುಡುಕುತ್ತಿದ್ದಳು.

ಆದಕಾರಣ ನಾನು ವರ್ಷಕ್ಕೊಮ್ಮೆ ತಪ್ಪದೆ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆಗೆ ಹೋಗುತ್ತೇನೆ. 1896ರಲ್ಲಿ ಚಿಕ್ಕದಾಗಿ ಆರಂಭವಾಗಿ, 1913ರಿಂದ ಈಗಿನ ಕಟ್ಟಡದಲ್ಲಿರುವ ಹಳೆಯ ಆಸ್ಪತ್ರೆಯದು. ಪಾಪೆ ಅರಳಿಸುವ ಹನಿ ಹಾಕಿ ಒಳಗನ್ನು ಪರೀಕ್ಷಿಸುತ್ತಾರೆ. ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಕೈಯಲ್ಲಿರುವ ಚೀಟಿಯ ಅಕ್ಷರವೂ ಕಾಣದು. ಮಕ್ಕಳ ಕೂಟದವರೆಗೆ ಮಗನ ತೋಳು ಹಿಡಿದೇ ನಡೆಯಬೇಕು.

ಎರಡು ವರ್ಷಗಳ ಹಿಂದೆ ಆರಂಭದ ಲಕ್ಷಣಗಳು ಕಂಡುವು. ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹತೋಟಿಯಲ್ಲಿಡುವುದೇ ಮುಖ್ಯವೆಂದು ಹೇಳಿದ ವೈದ್ಯೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಫೆನೋಫೈಬ್ರೇಟ್ ಎಂಬ ಮಾತ್ರೆಯನ್ನೂ ಬರೆದುಕೊಟ್ಟರು. ಗಾಂಧಿಬಜಾರಿನ ಔಷಧದಂಗಡಿಯಲ್ಲಿರುವವನು ನನ್ನ ಹಳೆಯ ವಿದ್ಯಾರ್ಥಿ. ಚೀಟಿ ನೋಡಿ, "ಸಾರ್, ಇದು ರಕ್ತದ ಕೊಬ್ಬು ಇಳಿಸೋ ಮಾತ್ರೆ ಅಲ್ವೆ?" ಎಂದ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಕೆಲವು ತಿಂಗಳಲ್ಲಿ ಟ್ರೈಗ್ಲಿಸರೈಡ್ ಮಿತಿಯೊಳಗೆ ಬಂದಿತು. ಕೆಲಸ ಮುಗಿಯಿತೆಂದು, ಯಾರನ್ನೂ ಕೇಳದೆ, ಮಾತ್ರೆ ನಿಲ್ಲಿಸಿಬಿಟ್ಟೆ.

ಮುಂದಿನ ಪರೀಕ್ಷೆಯಲ್ಲಿ ಇದನ್ನು ಹೆಮ್ಮೆಯಿಂದಲೇ ಹೇಳಿದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, "ಸಾರ್, ನಾನು ಅದನ್ನು ಕೊಟ್ಟಿದ್ದು ಕಣ್ಣಿಗೆ" ಎಂದರು. ಅಕ್ಷಿಪಟದ ಚಿತ್ರದಲ್ಲಿ ಎರಡು ಮೂರು ಹೊಸ ಚುಕ್ಕೆಗಳಿದ್ದುವು. ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತೆಂದು ಹೇಳಲಾಗದೆಂದು ಅವರೇ ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಮನೆಗೆ ಬಂದು, ಮಗನ ನೆರವಿನಿಂದ ಆ ಮಾತ್ರೆಯ ಚರಿತ್ರೆಯನ್ನು ಓದಿದೆ.

ಆಸ್ಟ್ರೇಲಿಯ, ನ್ಯೂಜಿಲೆಂಡ್, ಫಿನ್ಲೆಂಡ್ ದೇಶಗಳ 9,795 ಮಧುಮೇಹಿಗಳ ಮೇಲೆ 'ಫೀಲ್ಡ್' ಎಂಬ ಅಧ್ಯಯನ ನಡೆದದ್ದು ಮುಖ್ಯವಾಗಿ ಹೃದಯದ ಸಲುವಾಗಿ. ಅದರ ಕಣ್ಣಿನ ಫಲಿತಾಂಶ 2007ರಲ್ಲಿ ಪ್ರಕಟವಾಯಿತು: ಹುಸಿಮಾತ್ರೆ ನುಂಗಿದವರಲ್ಲಿ ಶೇ. 4.9 ಮಂದಿಗೆ ಲೇಸರ್ ಬೇಕಾಗಿದ್ದರೆ, ಫೆನೋಫೈಬ್ರೇಟ್ ನುಂಗಿದವರಲ್ಲಿ ಶೇ. 3.4 ಮಂದಿಗೆ ಮಾತ್ರ. ವಿಶೇಷವೆಂದರೆ, ರಕ್ತದ ಕೊಬ್ಬಿನ ಏರಿಳಿತದಿಂದ ಈ ಲಾಭವನ್ನು ವಿವರಿಸಲಾಗಲಿಲ್ಲ. ಮಾತ್ರೆ ಅಕ್ಷಿಪಟದ ಮೇಲೆ ಬೇರೆ ದಾರಿಯಿಂದ ಕೆಲಸ ಮಾಡುತ್ತಿರಬೇಕು. ನಾನು ರಕ್ತದ ವರದಿ ನೋಡಿ ಕಣ್ಣಿನ ಮಾತ್ರೆ ನಿಲ್ಲಿಸಿದ್ದೆ!

ಆಸ್ಟ್ರೇಲಿಯ 2013ರಲ್ಲಿ ಈ ಔಷಧಕ್ಕೆ ಮಧುಮೇಹದ ಅಕ್ಷಿಪಟದ ಕಾಯಿಲೆಗಾಗಿಯೇ ಅನುಮತಿ ಕೊಟ್ಟಿತು. 2024ರಲ್ಲಿ ಸ್ಕಾಟ್ಲೆಂಡಿನಿಂದ 'ಲೆನ್ಸ್' ಅಧ್ಯಯನದ ಫಲಿತಾಂಶ ಬಂದಿತು. ಆರಂಭದ ಹಂತದಲ್ಲಿದ್ದ 1,151 ಜನರನ್ನು ಸುಮಾರು 4 ವರ್ಷ ಗಮನಿಸಿದಾಗ, ತಜ್ಞರ ಬಳಿ ಕಳುಹಿಸುವಷ್ಟು ಅಥವಾ ಚಿಕಿತ್ಸೆ ಕೊಡುವಷ್ಟು ಕಾಯಿಲೆ ಮುಂದುವರಿದದ್ದು ಹುಸಿಮಾತ್ರೆಯವರಲ್ಲಿ ಶೇ. 29.2, ನಿಜಮಾತ್ರೆಯವರಲ್ಲಿ ಶೇ. 22.7. ಆದರೆ ಅಷ್ಟು ಅವಧಿಯಲ್ಲಿ ದೃಷ್ಟಿಯ ತೀಕ್ಷ್ಣತೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಹೇಳಬೇಕು.

ಗಣಿತದ ಮೇಷ್ಟ್ರಲ್ಲವೆ, ಲೆಕ್ಕ ಹಾಕಿದೆ. ನನ್ನಂಥ 100 ಜನರಲ್ಲಿ ಸುಮಾರು 71 ಮಂದಿಗೆ ಮಾತ್ರೆ ಇಲ್ಲದೆಯೂ ಅಷ್ಟು ಕೆಡುತ್ತಿರಲಿಲ್ಲ. 23 ಮಂದಿಗೆ ಮಾತ್ರೆ ನುಂಗಿಯೂ ಕೆಡುತ್ತದೆ. ಉಳಿದ 6 ಮಂದಿಯನ್ನು ಅದು ಕಾಯುತ್ತದೆ. ಆ ಆರು ಜನ ಯಾರೆಂದು ಯಾವ ವೈದ್ಯರೂ ಹೇಳಲಾರರು. ಕಾಯಲ್ಪಟ್ಟವರಿಗೂ ಅದು ಗೊತ್ತಾಗದು. ಅವರ ಪಾಲಿಗೆ ಏನೂ ಆಗಿರುವುದಿಲ್ಲ, ಅಷ್ಟೆ. ಪೊರೆ ತೆಗೆದ ವೈದ್ಯರಿಗೆ ಜನ ಕೈಮುಗಿಯುತ್ತಾರೆ; ಏನೂ ಆಗದ ದಿನಕ್ಕೆ ಯಾರೂ ಕೈಮುಗಿಯುವುದಿಲ್ಲ.

ಮಾತ್ರೆಯನ್ನು ಮತ್ತೆ ಆರಂಭಿಸಿದ್ದೇನೆ. ಇದನ್ನೋದಿ ನೀವಾಗಿಯೇ ಅಂಗಡಿಗೆ ಹೋಗಿ ಕೊಂಡುಕೊಳ್ಳಬೇಡಿ. ಅದು ರಕ್ತದಲ್ಲಿ ಕ್ರಿಯಾಟಿನಿನ್ ಏರಿಸಬಲ್ಲುದು. ಮೂತ್ರಪಿಂಡ ತೀರ ದುರ್ಬಲವಾದವರಿಗೆ, ಪಿತ್ತಕೋಶದ ಕಾಯಿಲೆಯಿರುವವರಿಗೆ ಸಲ್ಲದು. ಸ್ಟ್ಯಾಟಿನ್ ಜೊತೆಗೆ ಸೇವಿಸುವವರು ಸ್ನಾಯುನೋವು ಬಂದರೆ ಅಸಡ್ಡೆ ಮಾಡಬಾರದು. ಮಾತ್ರೆಯಿದೆಯೆಂದು ಕಣ್ಣಿನ ಪರೀಕ್ಷೆಯನ್ನು ಬಿಡುವಂತೆಯೂ ಇಲ್ಲ.

ನಿಮ್ಮಲ್ಲಿ ಅನೇಕರಿಗೆ ಈಗ ಐವತ್ತು ದಾಟಿದೆ, ಕೆಲವರಿಗೆ ಸಕ್ಕರೆ ಕಾಯಿಲೆಯೂ ಬಂದಿದೆ ಎಂದು ಬಲ್ಲೆ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿರುವಾಗಲೇ ಹೋಗಿ ಹನಿ ಹಾಕಿಸಿಕೊಂಡು ಪರೀಕ್ಷೆ ಮಾಡಿಸಿ. ಅಕ್ಕನಿಗೂ ಆ ಬೆಳಗಿನ ಹಿಂದಿನ ರಾತ್ರಿಯವರೆಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು.

ನಿಮ್ಮ ಮೇಷ್ಟ್ರು