ಬಡವರಿಗೆ ಕೊಟ್ಟರೆ ಸಾಕಾ?

ಈಗಷ್ಟೇ ತೋಡಾರಿನಿಂದ ಬಸ್ ಹತ್ತಿದೆ. ಹಿಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರ ಚರ್ಚೆ. "ಜಾತಿ ಯಾಕೆ ಮಾರಾಯಾ, ಬಡವರಿಗೆ ಮೀಸಲಾತಿ ಕೊಟ್ಟರೆ ಸಾಕಲ್ಲ?"

ಕೇಳಲು ನ್ಯಾಯವಾಗಿಯೇ ಇದೆ. ಆದರೆ ನನಗೆ ನೆನಪಾದದ್ದು ನಮ್ಮದೇ ಜಿಲ್ಲೆಯ ಕೊರಗ ಸಮುದಾಯದವರು. ಅವರನ್ನು ಕಂಬಳಕ್ಕೆ ಮೊದಲು ಗದ್ದೆಯಲ್ಲಿ ಕೋಣಗಳಂತೆ ಓಡಿಸುತ್ತಿದ್ದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಈ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಊರಿನಲ್ಲಿ ಬೇರೆ ಬಡವರೂ ಇದ್ದರಲ್ಲ, ಅವರ ಎಲೆಗೆ ಯಾರೂ ಉಗುರು ಹಾಕಲಿಲ್ಲ. ಬುಟ್ಟಿ ಹೆಣೆದು, ಡೋಲು ಬಡಿದು ಬದುಕಿದವರಿಗೆ ಕಾಸಿನ ಜೊತೆ ಮರ್ಯಾದೆಯನ್ನೂ ಕೊಡಲಿಲ್ಲ ನಾವು.

ಇನ್ನೊಂದು ವಿಷಯ. 2019ರಲ್ಲಿ ಬಡತನದ ಆಧಾರದ ಮೇಲೆ ಶೇ. 10 ಮೀಸಲಾತಿ ಬಂತು. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರು ಅದರಲ್ಲಿ ಬಡವರು. ಆದರೆ ಎಸ್‌ಸಿ, ಎಸ್‌ಟಿ, ಒಬಿಸಿ ಬಡವರಿಗೆ ಅದರಲ್ಲಿ ಜಾಗವೇ ಇಲ್ಲ! 2022ರಲ್ಲಿ ಸುಪ್ರೀಂ ಕೋರ್ಟ್ 3–2 ಬಹುಮತದಿಂದ ಈ ಮೀಸಲಾತಿಯನ್ನು ಎತ್ತಿಹಿಡಿಯಿತು. ಭಿನ್ನ ತೀರ್ಪು ಕೊಟ್ಟ ಇಬ್ಬರು ನ್ಯಾಯಮೂರ್ತಿಗಳ ತಕರಾರು ಈ ಬಡವರನ್ನು ಹೊರಗಿಟ್ಟದ್ದರ ಬಗ್ಗೆಯೇ ಆಗಿತ್ತು. ಅಂದರೆ ಬಡತನದ ಕೋಟಾದಲ್ಲೂ ಜಾತಿ ನೋಡಿಯೇ ಬಾಗಿಲು ತೆರೆಯುವುದು.

ಬಡ ಭಟ್ಟರ ಮಗನಿಗೂ ಫೀಸು ಕಟ್ಟಲು ಸರ್ಕಾರ ನೆರವಾಗಬೇಕು, ಖಂಡಿತ. ಸ್ಕಾಲರ್‌ಶಿಪ್ ಕೊಡಲಿ, ಹಾಸ್ಟೆಲ್ ಕೊಡಲಿ. ಆದರೆ ಕೊರಗರ ಹುಡುಗಿ ದಾಟಬೇಕಾದದ್ದು ಫೀಸನ್ನು ಮಾತ್ರ ಅಲ್ಲ. ನಿಮಗೇನನ್ನಿಸುತ್ತದೆ? ಒಪ್ಪದಿದ್ದರೂ ಬರೆಯಿರಿ, ಮಾತಾಡುವ.