ನೇತ್ರಾಣಿಯ ತಿಳಿನೀರು

ಸಮುದ್ರಕ್ಕೆ ರತ್ನಾಕರವೆಂದು ಹೆಸರಿಟ್ಟ ಪೂರ್ವಿಕರು ಅದರೊಳಗೆ ಅಮೂಲ್ಯವಾದುದೇನೋ ಅಡಗಿದೆಯೆಂದು ಬಲ್ಲವರಾಗಿದ್ದರು. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳ ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಕಡಲಿನ ಮೇಲ್ಮೈಯಲ್ಲದೆ ಅದರ ಒಳಗಿನ ಸಂಗತಿ ತಿಳಿದಿರುವುದು ಅತ್ಯಲ್ಪ. ರಾತ್ರಿಯೆಲ್ಲ ಅದರ ಮೊರೆತವನ್ನು ಕೇಳುತ್ತ ಮಲಗುತ್ತೇವೆ. ಬಂಗುಡೆ ಬಂತೆ, ಭೂತಾಯಿ ಬಂತೆ ಎಂದು ಜನರು ಪೇಟೆಯಲ್ಲಿ ವಿಚಾರಿಸುವುದನ್ನು ಕೇಳುತ್ತೇವೆ. ಮಳೆಗಾಲದಲ್ಲಿ ಅದು ದಡದ ತೆಂಗಿನ ಸಾಲುಗಳನ್ನು ನುಂಗುವುದನ್ನು ಕಂಡು ಬೆದರುತ್ತೇವೆ. ನೆರೆಮನೆಯವರೊಡನೆ ಅರುವತ್ತು ವರ್ಷ ಬಾಳಿಯೂ ಅವರ ಒಳಮನೆಯನ್ನು ಒಮ್ಮೆಯೂ ಕಾಣದವರಂತೆ ನಮ್ಮ ಸ್ಥಿತಿ.

ಇದಕ್ಕೆ ಕಾರಣ ಭಯವೇ ಹೊರತು ಔದಾಸೀನ್ಯವಲ್ಲ. ಆ ಭಯವಾದರೂ ನಿರಾಧಾರವಾದುದಲ್ಲ. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ, ಒಂದು ಶ್ರಾವಣಮಾಸದಲ್ಲಿ, ನೆರೆನೀರಿನಲ್ಲಿ ತೇಲಿಬಂದ ತೆಂಗಿನಕಾಯಿಗಳನ್ನು ಹಿಡಿಯಲೆಂದು ಅಳಿವೆಯ ಬಳಿ ಇಳಿದ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಹಿಂದಿರುಗಲಿಲ್ಲ. ಅವನು ಹೊಳೆಯಲ್ಲಿ ಚೆನ್ನಾಗಿ ಈಜಬಲ್ಲವನು; ಶಬ್ದರೂಪಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದವನು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಬಂದಲ್ಲಿ ಆ ವರ್ಷವೆಲ್ಲ ನಮ್ಮ ಧ್ವನಿ ತಡೆಯುತ್ತಿತ್ತು. ಅಂದಿನಿಂದ ನಿವೃತ್ತರಾಗುವ ತನಕ, ಪ್ರತಿವರ್ಷವೂ ಶಾಲೆ ತೆರೆದ ದಿನ ಪಾಠಕ್ಕೆ ಮೊದಲು, ಮಳೆಗಾಲದಲ್ಲಿ ಕಡಲಿಗಿಳಿಯಬಾರದೆಂಬ ಮಾತನ್ನು ಮಕ್ಕಳಿಗೆ ಹೇಳುವುದು ನಮ್ಮ ನಿಯಮವಾಯಿತು.

ಹೀಗಿರಲು ಕಳೆದ ಮಾರ್ಗಶಿರದಲ್ಲಿ, ಕುಂದಾಪುರದ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ತಮ್ಮನ ಮಗಳು ಬಂದು, "ದೊಡ್ಡಪ್ಪಯ್ಯಾ, ನೇತ್ರಾಣಿಯಲ್ಲಿ ಸ್ಕೂಬಾ ಮಾಡಲಿಕ್ಕೆ ಹೋಗಬೇಕೆಂದಿದ್ದೇನೆ. ನೀವು ಒಪ್ಪಿದರೆ ಮಾತ್ರ ಎಂದು ಅಪ್ಪಯ್ಯ ಹೇಳಿದ್ದಾರೆ" ಎಂದಳು. ಪುನೀತ್ ರಾಜಕುಮಾರರು ಆ ದ್ವೀಪದ ಬಳಿ ನೀರಿನಡಿಗೆ ಇಳಿದುದನ್ನು 2022ರಲ್ಲಿ ತೆರೆಕಂಡ ಗಂಧದ ಗುಡಿ ಚಿತ್ರದಲ್ಲಿ ನೋಡಿದ ಲಾಗಾಯಿತು ಅವಳಿಗೆ ಈ ಆಶೆಯಿತ್ತಂತೆ. ನಾವು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತಿಳಿದವರನ್ನು ಕಂಡು ವಿಚಾರಿಸಿದೆವು. ಕಡೆಗೆ ನಾವೂ ದೋಣಿಯಲ್ಲಿ ಜತೆಗೆ ಬರುವುದೆಂದು ತೀರ್ಮಾನವಾಯಿತು.

ಬೈಂದೂರು ತಾಲೂಕಿನ ಬಡಗಣ ಕೊನೆಯಾದ ಶಿರೂರನ್ನು ದಾಟಿದರೆ ಭಟ್ಕಳ, ಅದರಾಚೆಗೆ ಮುರುಡೇಶ್ವರ. ಅಲ್ಲಿಂದ ಪಡುವಲಿಗೆ ಸುಮಾರು 10 ನಾವಿಕ ಮೈಲುಗಳ, ಎಂದರೆ ಹತ್ತೊಂಬತ್ತು ಕಿಲೋಮೀಟರುಗಳ ದೂರದಲ್ಲಿ ನೇತ್ರಾಣಿಯಿದೆ. ಪಾರಿವಾಳಗಳು ಹೆಚ್ಚಾಗಿದ್ದುದರಿಂದ ಆಂಗ್ಲರು ಅದನ್ನು ಪಿಜನ್ ಐಲ್ಯಾಂಡ್ ಎಂದು ಕರೆದರು. ಜನವಸತಿಯಿಲ್ಲದ ಕಡಿದಾದ ಬಂಡೆಯ ದ್ವೀಪವದು. ಬಿಳಿಹೊಟ್ಟೆಯ ಕಡಲಗಿಡುಗಗಳು ಅಲ್ಲಿ ಗೂಡು ಕಟ್ಟುತ್ತವೆ. ನೌಕಾದಳದವರು ದೀರ್ಘಕಾಲ ಅದನ್ನು ಗುಂಡಿನ ಗುರಿಯಭ್ಯಾಸಕ್ಕೆ ಬಳಸಿದ್ದರು.

ನಮ್ಮೂರಿನ ಮುಂದೆಯೇ ಇಷ್ಟು ಕಡಲಿರಲು ಮುಳುಗುವವರು ಅಷ್ಟು ದೂರ ಹೋಗಬೇಕೇಕೆ? ಈ ಪ್ರಶ್ನೆಗೆ ಉತ್ತರ ನಮ್ಮ ಹೊಳೆಗಳಲ್ಲಿದೆ. ವಾರಾಹಿ, ಸೌಪರ್ಣಿಕಾ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಅಳಿವೆಯಲ್ಲಿಯೂ, ಸೀತೆ ಸ್ವರ್ಣೆಯರು ಬ್ರಹ್ಮಾವರದ ಪಡುವಣ ಬೆಂಗ್ರೆಯ ಬಳಿಯಲ್ಲಿಯೂ ಕಡಲನ್ನು ಸೇರುತ್ತವೆ. ಮಳೆಗಾಲದಲ್ಲಿ ಅವು ಘಟ್ಟದ ಮಣ್ಣನ್ನು ಹೊತ್ತು ತಂದು ಕರೆಯ ನೀರನ್ನು ಕೆಂಪಾಗಿಸುತ್ತವೆ. ಹವಳಕ್ಕೆ ಬೆಳಕು ಬೇಕು. ಕೆಸರು ಕೂತಲ್ಲಿ ಅದು ಉಸಿರುಕಟ್ಟಿ ಸಾಯುತ್ತದೆ. ನೇತ್ರಾಣಿಯಷ್ಟು ದೂರಕ್ಕೆ ಹೊಳೆಯ ಕೆಸರು ಬಲವಾಗಿ ತಲಪುವುದಿಲ್ಲ. ಅಲ್ಲಿ ಬಂಡೆಯ ನೆಲೆಯೂ ಇದೆ, ಬೆಳಕೂ ಇದೆ. ಆದಕಾರಣ ಹವಳವಿದೆ, ಹವಳವಿರುವುದರಿಂದ ಮೀನಿನ ಸಂತೆಯಿದೆ.

ಸ್ಥಳದಂತೆ ಕಾಲವೂ ಮುಖ್ಯ. ಜೂನಿನಿಂದ ಸೆಪ್ಟೆಂಬರಿನ ಮಧ್ಯದವರೆಗೆ ಅಲ್ಲಿಗೆ ಯಾರೂ ಹೋಗುವಂತಿಲ್ಲ. ಮಳೆ ಹಿಂದೆಗೆದ ಮೇಲೆಯೂ ಕೆಲವು ಕಾಲ ತಳದ ತಣ್ಣೀರು ಮೇಲಕ್ಕೆ ಬಂದು, ಅದರ ಸಾರದಿಂದ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಹಬ್ಬಿ, ನೀರು ಹಸುರುಗಟ್ಟಿರುತ್ತದೆ. ಮೀನಿಗೆ ಅದು ಸುಭಿಕ್ಷ, ನೋಡುವವರ ಕಣ್ಣಿಗೆ ಮಬ್ಬು. ನವಂಬರಿನಿಂದ ಫೆಬ್ರವರಿಯವರೆಗೆ ನೀರು ತಿಳಿಯಾಗಿ, ಒಳ್ಳೆಯ ದಿನಗಳಲ್ಲಿ ಹದಿನೈದು ಇಪ್ಪತ್ತು ಮೀಟರು ದೂರದ ವಸ್ತುವೂ ಕಾಣುತ್ತದೆ. ನಾವು ಹೋದುದು ಪುಷ್ಯಮಾಸದ ಒಂದು ಬೆಳಗ್ಗೆ. ದೋಣಿಯ ತಾಂಡೇಲನು ಹೊರಡುವ ಮುನ್ನ ಗಾಳಿಯ ದಿಕ್ಕನ್ನು ಎರಡು ಸಲ ನೋಡಿದನು. ಗಾಳಿ ಬೇರೆ ಕಡೆಯಿಂದ ಎದ್ದರೆ ಹಣ ಕೊಟ್ಟವರು ಎಷ್ಟು ಜನರಿದ್ದರೂ ದೋಣಿಯನ್ನು ತಿರುಗಿಸುವೆನೆಂದನು. ಆ ಮಾತನ್ನು ಕೇಳಿದಾಗ ನಮ್ಮ ಎದೆಯ ಭಾರ ಅರ್ಧ ಇಳಿಯಿತು.

ಇಳಿಯುವ ವಿಧಾನವನ್ನು ಸ್ವಲ್ಪ ಹೇಳಬೇಕು. ಬೆನ್ನಿಗೆ ಗಾಳಿಯನ್ನು ಅದುಮಿ ತುಂಬಿದ ಸಿಲಿಂಡರು, ಬಾಯಿಗೆ ಅದರ ನಳಿಗೆ, ಮುಖಕ್ಕೆ ಗಾಜಿನ ಮುಖವಾಡ; 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾನ್ ಎಂಬವರು ಸಿದ್ಧಪಡಿಸಿದ ಸಾಧನದ ಸಂತತಿಯಿದು. ಪ್ರತಿ ಹತ್ತು ಮೀಟರು ಆಳಕ್ಕೆ ನೀರಿನ ಒತ್ತಡವು ಒಂದು ವಾಯುಮಂಡಲದಷ್ಟು ಏರುತ್ತದೆ. ಎಂದರೆ ಹತ್ತು ಮೀಟರು ಇಳಿದವನ ಮೈಮೇಲೆ ದಡದಲ್ಲಿರುವುದಕ್ಕಿಂತ ಇಮ್ಮಡಿ ಒತ್ತಡ. ಆದುದರಿಂದ ಇಳಿಯುವಾಗ ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯನ್ನು ಸಡಿಲಿಸಿಕೊಳ್ಳಬೇಕು. ಮೇಲೆ ಬರುವಾಗ ಉಸಿರನ್ನು ಎಂದಿಗೂ ಕಟ್ಟಬಾರದು. ಒಳಗಿನ ಗಾಳಿಯು ಹಿಗ್ಗಿ ಶ್ವಾಸಕೋಶವನ್ನು ಹರಿಯಬಹುದು. ಪ್ರಾಣಾಯಾಮದಲ್ಲಿ ಕುಂಭಕಕ್ಕೆ ಸ್ಥಾನವುಂಟು. ಇಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಹೊಸಬರನ್ನು 12 ಮೀಟರಿಗಿಂತ ಕೆಳಕ್ಕೆ ಒಯ್ಯುವುದಿಲ್ಲ. ಶಿಕ್ಷಕನು ಕೈ ಹಿಡಿದೇ ಇರುತ್ತಾನೆ. ಹೃದಯದ ಬೇನೆ, ಉಬ್ಬಸ, ಕಿವಿಯ ರೋಗವುಳ್ಳವರು ವೈದ್ಯರ ಅನುಮತಿಯಿಲ್ಲದೆ ಇಳಿಯತಕ್ಕದ್ದಲ್ಲ. ಮುಳುಗಿ ಬಂದ ದಿನ ವಿಮಾನವನ್ನು ಏರಬಾರದು.

ಹುಡುಗಿ ಇಳಿದಳು. ನಮಗೆ ಲೈಫ್ ಜಾಕೆಟು ತೊಡಿಸಿ, ಗಾಜಿನ ಮುಖವಾಡವನ್ನೂ ಉಸಿರಿನ ಕೊಳವೆಯನ್ನೂ ಕಟ್ಟಿ ಮೇಲೆಯೇ ತೇಲಬಿಟ್ಟರು. ಮುಖವನ್ನು ನೀರಿಗೆ ತಗ್ಗಿಸಿದ ಕೂಡಲೇ ಮೊರೆತವೆಲ್ಲ ನಿಂತುಹೋಯಿತು. ಕೆಳಗೆ ಬಂಡೆಗಳ ಮೇಲೆ ಹೂಕೋಸಿನಂತೆ, ಜಿಂಕೆಯ ಕೊಂಬಿನಂತೆ, ಮಡಚಿಟ್ಟ ಜಮಖಾನದಂತೆ ಹವಳದ ಗುಂಪುಗಳು. ಅವುಗಳ ಸಂದುಗಳಲ್ಲಿ ಹಳದಿಯ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಸುಳಿಯುತ್ತಿದ್ದುವು. ಹಸುರು ಗಿಳಿಮೀನೊಂದು ಕೊಕ್ಕಿನಂಥ ಹಲ್ಲಿನಿಂದ ಬಂಡೆಯನ್ನು ಕೆರೆಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಹೀಗೆ ಕೆರೆದು ತಿಂದು ಅದು ಹೊರಬಿಡುವುದು ನುಣುಪಾದ ಬಿಳಿ ಮರಳನ್ನು. ಈ ಜಾತಿಯ ಅನೇಕ ಮೀನುಗಳು ಹೆಣ್ಣಾಗಿ ಬಾಳಿ ಮುಂದೆ ಗಂಡಾಗುತ್ತವೆಂದು ತಿಳಿದು ನಮಗೆ ಪುರಾಣದ ಇಳೆ, ಸುದ್ಯುಮ್ನರ ಕಥೆ ನೆನಪಾಯಿತು. ಮೇಲೆ ಬಂದ ಮೇಲೆ ಹುಡುಗಿ ಹೇಳಿದಳು: ಬಿಲದಿಂದ ಹಾವುಮೀನೊಂದು ಬಾಯಿ ತೆರೆದು ನೋಡುತ್ತಿತ್ತಂತೆ, ತೊರಕೆಯೊಂದು ಮರಳನ್ನು ಕೊಡಹಿ ಎದ್ದುಹೋಯಿತಂತೆ, ತನ್ನ ಕೈಯ ಕೆಂಪು ಬಳೆ ಆಳದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿತಂತೆ. ಬೆಳಕಿನ ಕೆಂಪನ್ನು ನೀರು ಎಲ್ಲಕ್ಕಿಂತ ಮೊದಲು ಹೀರುವುದೇ ಇದಕ್ಕೆ ಕಾರಣ.

ಹವಳಕ್ಕೆ ಸಂಸ್ಕೃತದಲ್ಲಿ ವಿದ್ರುಮವೆಂದು ಹೆಸರು, ವಿಶಿಷ್ಟವಾದ ಮರವೆಂದರ್ಥ. ಯೂರೋಪಿನ ಪಂಡಿತರೂ 18ನೆಯ ಶತಮಾನದವರೆಗೆ ಅದನ್ನು ಸಸ್ಯವೆಂದೇ ಎಣಿಸಿದ್ದರು. ವಾಸ್ತವವಾಗಿ ಅದು ಸಣ್ಣ ಸಣ್ಣ ಪ್ರಾಣಿಗಳ ಕೂಡುಕುಟುಂಬ. ಒಂದೊಂದೂ ತನ್ನ ಅಡಿಯಲ್ಲಿ ಸುಣ್ಣದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಆದರೆ ಅದರ ಮೈಯೊಳಗೆ ಅತಿಸೂಕ್ಷ್ಮವಾದ ಪಾಚಿಗಳು ವಾಸಿಸಿ, ಬಿಸಿಲಿನಿಂದ ಅನ್ನವನ್ನು ಮಾಡಿ ಮನೆಯೊಡೆಯನಿಗೂ ಬಡಿಸುತ್ತವೆ. ಬಣ್ಣವನ್ನು ಕೊಡುವುದರಲ್ಲಿಯೂ ಅವುಗಳದೇ ದೊಡ್ಡ ಪಾಲು. ಹಾಗೆ ನೋಡಿದರೆ ಮರವೆಂದ ಹಿರಿಯರ ಮಾತೂ ಪೂರ್ತಿ ಸಟೆಯಲ್ಲ. ಉಂಗುರಕ್ಕೆ ಹಾಕುವ ಕೆಂಪು ಹವಳ ಮಾತ್ರ ಬೇರೆ ಜಾತಿಯದು.

ಈ ಕೂಡುಕುಟುಂಬ ಒಡೆಯುವುದು ಬಿಸಿಯಿಂದ. ನೀರಿನ ಬೇಸಗೆಯ ತಾಪವು ವಾಡಿಕೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಹವಳವು ಪಾಚಿಯನ್ನು ಹೊರಹಾಕಿ ಎಲುಬಿನಂತೆ ಬಿಳಿಚಿಕೊಳ್ಳುತ್ತದೆ. ತಾಪ ಬೇಗ ಇಳಿಯದಿದ್ದರೆ ಸಾಯುತ್ತದೆ. 1998ರಲ್ಲಿ ಹೀಗಾಯಿತು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಲೋಕವ್ಯಾಪಿಯಾದ ನಾಲ್ಕನೆಯ ಬಿಳಿಚುವಿಕೆಯನ್ನು ಸಾರಿದರು. ಆ ವರ್ಷ ನಮ್ಮ ಲಕ್ಷದ್ವೀಪದ ಹವಳವೂ ಬಿಳಿಚಿತು. ದೊಡ್ಡ ಗುಂಡಿನಂಥ ಹವಳವು ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದು ಬೆರಳಿನ ಅಗಲ. ನಮ್ಮ ಆಯುಷ್ಯದಷ್ಟು ಕಾಲ ಬೆಳೆದುದನ್ನು ಲಂಗರಿನ ಒಂದು ಏಟು, ಕಾಲಿನ ಒಂದು ತುಳಿತ ಮುರಿಯಬಲ್ಲದು. ಸಮುದ್ರತಳದಲ್ಲಿ ಶೇಕಡಾ ಒಂದಕ್ಕೂ ಕಡಮೆ ಜಾಗದಲ್ಲಿರುವ ಈ ಹವಳದ ತೋಟಗಳು ಕಡಲ ಜೀವಜಾತಿಗಳ ಸುಮಾರು ಕಾಲುಭಾಗಕ್ಕೆ ಆಶ್ರಯವಾಗಿವೆ.

ಗೃಹಸ್ಥರಾದ ವಾಚಕರಿಗೆ ಇದರಿಂದಾಗಬೇಕಾದುದೇನು? ಮಕ್ಕಳು ಹೋಗಬೇಕೆಂದಾಗ ಯಾವ ಮಾಸ, ಯಾವ ಗಾಳಿ, ಯಾರು ಶಿಕ್ಷಕರು, ಮೈಯಲ್ಲಿ ಯಾವ ರೋಗವಿದೆ ಎಂಬ ನಾಲ್ಕನ್ನು ಕೇಳಿರಿ. ನಾಲ್ಕಕ್ಕೂ ಉತ್ತರ ಸರಿಯಿದ್ದರೆ ಕಳುಹಿಸಿರಿ. ಅಲ್ಲಿಂದ ಏನನ್ನೂ ತರಬಾರದೆಂದು ಹೇಳಿ ಕಳುಹಿಸಿರಿ. 2001ರಿಂದ ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿವೆ; ಷೋಕೇಸಿನಲ್ಲಿಡಲು ಒಂದು ತುಣುಕನ್ನು ಮುರಿದು ತಂದರೂ ಅಪರಾಧವೇ. ಹೊಳೆಗೆ ಎಸೆದ ಪ್ಲಾಸ್ಟಿಕ್ ಚೀಲವು ಅಳಿವೆಯಲ್ಲಿ ನಿಲ್ಲುವುದಿಲ್ಲವೆಂಬುದನ್ನೂ ಮನೆಯಲ್ಲಿ ಮಾತನಾಡಿಕೊಳ್ಳಿರಿ.

ಯಂತ್ರದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯಬಾರದೆಂದು ಪಶ್ಚಿಮ ಕರಾವಳಿಯಲ್ಲಿ ಸರಕಾರದ ಕಟ್ಟಳೆಯಿದೆ. ಮೀನುಗಳ ಸಂತತಿ ಬೆಳೆಯಲೆಂದು ಮಾಡಿದ ಈ ಕಟ್ಟಳೆಗೂ, ನಾವು ಶಾಲೆಯ ಮಕ್ಕಳಿಗೆ ಹೇಳುತ್ತಿದ್ದ ಮಾತಿಗೂ ಋತುವೊಂದೇ. ಕಡಲು ಬಾಗಿಲು ಹಾಕಿಕೊಂಡಾಗ ಬಡಿಯಬಾರದು. ತೆರೆದಾಗ ಕೈಕಾಲು ತೊಳೆದು ಒಳಗೆ ಹೋಗಬೇಕು. ಹೋದಲ್ಲಿ ಯಾವುದನ್ನೂ ಮುಟ್ಟದೆ, ನೋಡಿ ಬರಬೇಕು. ನಮ್ಮ ತಮ್ಮನ ಮಗಳು ಮುಂದಿನ ಪುಷ್ಯದಲ್ಲಿ ಮತ್ತೊಮ್ಮೆ ಹೋಗುವವಳಿದ್ದಾಳೆ. ಈ ಸಲ ಅವಳು ನಮ್ಮನ್ನು ಕೇಳಲಿಲ್ಲ. ದಿನವನ್ನು ಮಾತ್ರ ತಿಳಿಸಿದಳು. ಗಾಳಿಯನ್ನು ನೋಡಿಕೊಂಡು ಹೋಗು ಎಂದೆವು.